ಅವ್ವನ ವೀಲ್‌ಚೇರ್ ಹೋಗೋ ಮನೆ ಕಟ್ಟಿದ್ದು

ಮನೆ ಕಟ್ಕೊಳ್ಳೋಕೆ ಸರ್ಕಾರದ ದುಡ್ಡು ಇದೆ, ವೀಲ್‌ಚೇರ್ ಕೊಡೋಕೂ ಸರ್ಕಾರದ ದುಡ್ಡು ಇದೆ, ಆದ್ರೆ ಆ ವೀಲ್‌ಚೇರ್ ಆ ಮನೆ ಒಳಗೆ ಹೋಗ್ಬೇಕಲ್ಲ, ಅದಕ್ಕೆ ನಮ್ಮ ಮಂಜೂರಾತಿ ಪತ್ರದಲ್ಲಿ ಒಂದು ಸಾಲೂ ಇರ್ಲಿಲ್ಲ. ಇದನ್ನ ಬರೀತಿರೋದು ಅದಕ್ಕೇನೇ. ನಮ್ಮೂರು ದಾವಣಗೆರೆ ತಾಲ್ಲೂಕು, ಆನಗೋಡು ಕಡೆ. ನಾನು ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರೆಯೋನು, ದಿನಾ ಬಸ್ಸಿಗೆ ಹೋಗಿ ಬರ್ತೀನಿ. ಮನೇಲಿ ಯಾರಿಗಾದ್ರೂ ಕಾಲಿಲ್ಲ, ಇಲ್ಲಾ ಪಾರ್ಶ್ವವಾಯು ಆಗಿದೆ, ವಯಸ್ಸಾಗಿ ಎದ್ದು ಓಡಾಡೋಕೆ ಆಗಲ್ಲ ಅನ್ನೋರು, ಅದೇ ಟೈಮಲ್ಲಿ ವಸತಿ ಯೋಜನೆ ಮನೆಗೆ ಅರ್ಜಿ ಹಾಕ್ತಿರೋರು, ದಯವಿಟ್ಟು ಪೂರ್ತಿ ಓದಿ.

ಅವ್ವಂಗೆ ಸಕ್ಕರೆ ಕಾಯಿಲೆ ಬಹಳ ವರ್ಷದಿಂದ. ಕಾಲಿಗೆ ಗಾಯ ಆಗಿ ವಾಸಿ ಆಗ್ದೆ ಕೊನೆಗೆ ಬಲಗಾಲು ಮೊಣಕಾಲಿನ ಮೇಲಕ್ಕೆ ತೆಗೀಬೇಕಾಯ್ತು. ಕೃತಕ ಕಾಲು ಹಾಕಿ ನೋಡಿದ್ವಿ, ವಯಸ್ಸು ಎಪ್ಪತ್ತರ ಹತ್ರ, ಬ್ಯಾಲೆನ್ಸ್ ಬರ್ಲಿಲ್ಲ, ಚರ್ಮ ಕೆಂಪಗಾಗ್ತಿತ್ತು, ಬಿಟ್ರು. ನಮ್ಮ ಹಳೇ ಮನೆ ಮಣ್ಣಿನ ಗೋಡೆ, ಮೇಲೆ ಹೆಂಚು, ಮುಂದೆ ಎತ್ತರದ ಕಟ್ಟೆ, ಒಂದು ಗೇಣು ಎತ್ತರದ ಹೊಸ್ತಿಲು, ಶೌಚಾಲಯ ಹಿತ್ತಲಲ್ಲಿ. ಅಂಗವಿಕಲರಿಗೆ ಸಾಧನ ಕೊಡೋ ಎಡಿಪ್ ಅಂತ ಕೇಂದ್ರ ಸರ್ಕಾರದ ಯೋಜನೆ ಇದೆಯಲ್ಲ, ಅದರ ಕ್ಯಾಂಪಲ್ಲಿ ಅಲಿಮ್ಕೊ ಅನ್ನೋ ಸರ್ಕಾರಿ ಕಂಪನಿಯ ವೀಲ್‌ಚೇರ್ ಸಿಕ್ತು, ಅದನ್ನ ತಂದು ಕಟ್ಟೆ ಮುಂದೆ ನಿಲ್ಸಿದ್ವಿ, ಅಲ್ಲೇ ನಿಂತುಬಿಡ್ತು. ಒಳಗೆ ಅವ್ವ ಕೂತ್ಕೊಂಡೇ ಸರ್ಕೊಂಡು ಓಡಾಡ್ತಿದ್ರು, ಹಿತ್ತಲಿಗೆ ಹೋಗೋಕೆ ನಾನಿದ್ರೆ ಎತ್ಕೊಂಡು ಹೋಗ್ತಿದ್ದೆ, ನಾನು ಕೆಲ್ಸಕ್ಕೆ ಹೋದ್ರೆ ನನ್ನ ಹೆಂಡ್ತಿ ಒಬ್ಬಳೇ. ಮನೇಲಿ ಯಾರೂ ಇಲ್ಲ ಅಂತ ಅವ್ವ ಮಧ್ಯಾಹ್ನ ನೀರು ಕುಡಿಯೋದನ್ನೇ ಕಮ್ಮಿ ಮಾಡಿದ್ರು, ಇದು ನಮಗೆ ಗೊತ್ತಾಗಿದ್ದು ಉರಿಮೂತ್ರ ಆಗಿ ಡಾಕ್ಟ್ರ ಹತ್ರ ಹೋದಾಗ. ಬಾತ್‌ರೂಮು ದೂರ ಇದ್ರೆ ವಯಸ್ಸಾದೋರು ನೀರು ಬಿಡ್ತಾರೆ, ಇದು ಎಷ್ಟೋ ಮನೇಲಿ ನಡೀತಿದೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಮೊದಲು ಆಗ್ಬೇಕಾದ್ದು ಯುಡಿಐಡಿ ಕಾರ್ಡು, ಅಂದ್ರೆ ಅಂಗವಿಕಲರ ಗುರುತಿನ ಚೀಟಿ. ಮೊದಲೆಲ್ಲ ಆಸ್ಪತ್ರೇಲಿ ಕೈಬರಹದ ಸರ್ಟಿಫಿಕೇಟ್ ಕೊಡ್ತಿದ್ರು, 2021ರ ಜೂನ್‌ನಿಂದ ಎಲ್ಲಾ ಆನ್‌ಲೈನ್, ಸ್ವಾವಲಂಬನ್ ಪೋರ್ಟಲ್ಲಲ್ಲೇ ಅರ್ಜಿ ಹಾಕ್ಬೇಕು. ನಾವು ಗ್ರಾಮ ಒನ್‌ನಲ್ಲಿ ಹಾಕ್ಸಿದ್ವಿ, ಆಧಾರ್, ಫೋಟೋ, ಆಪರೇಷನ್ ಆದಾಗಿನ ಡಿಸ್ಚಾರ್ಜ್ ಸಮ್ಮರಿ ಇಟ್ಕೊಂಡ್ರೆ ಸಾಕು. ಆಮೇಲೆ ಮೂಳೆ ಡಾಕ್ಟ್ರು ನೋಡಿ ಶೇಕಡಾವಾರು ಬರೀತಾರೆ. ಅವ್ವಂಗೆ ಶೇ 80 ಅಂತ ಬಂತು, ಹಾಗಾಗಿ ನೀಲಿ ಬಣ್ಣದ ಕಾರ್ಡು. 40ರಿಂದ 80ರ ಒಳಗಿದ್ರೆ ಹಳದಿ, 40ಕ್ಕಿಂತ ಕಮ್ಮಿ ಇದ್ರೆ ಬಿಳಿ. ಯೋಜನೆಗಳಿಗೆಲ್ಲ ಕನಿಷ್ಠ 40 ಬೇಕು, ಅದು ನೆನಪಿರ್ಲಿ. ಆಧಾರಲ್ಲಿ ಇರೋ ಹೆಸರು, ರೇಷನ್ ಕಾರ್ಡಲ್ಲಿರೋ ಹೆಸರು, ಬ್ಯಾಂಕ್ ಪಾಸ್‌ಬುಕ್ಕಲ್ಲಿರೋ ಹೆಸರು ಮೂರೂ ಒಂದೇ ಥರ ಇದೆಯಾ ಅಂತ ಈ ಹಂತದಲ್ಲೇ ನೋಡ್ಕೊಳ್ಳಿ. ಅವ್ವನ ಹೆಸರಿನ ಮುಂದೆ ಒಂದ್ರಲ್ಲಿ ಗಂಡನ ಹೆಸರು ಸೇರಿತ್ತು, ಇನ್ನೊಂದ್ರಲ್ಲಿ ಇರ್ಲಿಲ್ಲ, ಅದನ್ನ ಸರಿ ಮಾಡ್ಸೋಕೆ ಹೋಗಿದ್ದ ಟೈಮು ಉಳಿದ ಕೆಲಸಕ್ಕಿಂತ ಜಾಸ್ತಿ.

ಪಿಂಚಣಿ ವಿಷಯ ಬೇಗ ಹೇಳ್ತೀನಿ. ಅವ್ವ ಸಂಧ್ಯಾ ಸುರಕ್ಷಾ 1200 ರೂಪಾಯಿ ತಗೊಳ್ತಿದ್ರು. ಶೇ 75 ಮೀರಿದ ಅಂಗವೈಕಲ್ಯಕ್ಕೆ 1400 ಬರುತ್ತೆ, ಎರಡೂ ಒಟ್ಟಿಗೆ ಕೊಡಲ್ಲ, ಹಳೇದನ್ನ ಬಿಟ್ಟು ಹೊಸದಕ್ಕೆ ಬದಲಾಯಿಸ್ಕೋಬೇಕು. ನಡುವೆ ಸ್ವಲ್ಪ ತಿಂಗಳು ಎರಡೂ ಬರ್ದೇ ಇರಬಹುದು, ಅದಕ್ಕೆ ತಯಾರಿರಿ.

ಮನೆ ಕಥೆ ಶುರುವಾಗಿದ್ದು ನಮ್ಮ ಪಂಚಾಯ್ತಿ ವಿಆರ್‌ಡಬ್ಲ್ಯೂ ಅಣ್ಣನಿಂದ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಅಂತ ಪ್ರತಿ ಗ್ರಾಮ ಪಂಚಾಯ್ತಿಗೂ ಒಬ್ರು ಇರ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಅಂತ ಒಬ್ರು, ಅವರೂ ಅಂಗವಿಕಲರೇ. ಈ ಅಣ್ಣಂಗೆ ಪೋಲಿಯೋ, ಮೂರು ಚಕ್ರದ ಸ್ಕೂಟರಲ್ಲಿ ಊರೂರು ಸುತ್ತಾರೆ. ಗೌರವಧನ ಕಮ್ಮಿ, ಕೆಲಸ ಜಾಸ್ತಿ. ಅವರು ಮನೆಗೆ ಬಂದು ವೀಲ್‌ಚೇರ್ ಬಳಸ್ತಿದೀರಾ ಅಂತ ಕೇಳಿದ್ರು, ಅವ್ವ ಕಟ್ಟೆ ಕಡೆ ಕೈ ತೋರ್ಸಿದ್ರು, ಅವರಿಗೆ ಅರ್ಥ ಆಯ್ತು. "ಅವ್ವಾರೆ, ನಿಮ್ಗೆ ಮನೆ ಕೇಳೋ ಹಕ್ಕೈತೆ, ದಾನ ಅಲ್ಲ" ಅಂದ್ರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅದರ 37ನೇ ಕಲಂ. ಸರ್ಕಾರದ ವಸತಿ ಯೋಜನೆಗಳಲ್ಲಿ ಶೇ 5 ವಿಕಲಚೇತನರಿಗೆ ಮೀಸಲು ಇಡಬೇಕು, ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ ಕೊಡಬೇಕು ಅಂತ ಇದೆ. ಆ ಪುಟದ ಪ್ರಿಂಟ್ ಅವರ ಬ್ಯಾಗಲ್ಲೇ ಇತ್ತು, ನನಗೊಂದು ಜೆರಾಕ್ಸ್ ಕೊಟ್ರು. ಆ ಜೆರಾಕ್ಸ್ ಮುಂದೆ ಬಹಳ ಕೆಲಸಕ್ಕೆ ಬಂತು.

ಯೋಜನೆಗಳಲ್ಲೂ ಬೇರೆ ಬೇರೆ ಇದಾವೆ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ, ಬಯಲುಸೀಮೆಗೆ 1.20 ಲಕ್ಷ, 2016ರಲ್ಲಿ ಶುರುವಾದಾಗಿಂದ ಅದೇ ಮೊತ್ತ. ಬಸವ ವಸತಿ, ಎಸ್ಸಿ ಎಸ್ಟಿಯವರಿಗೆ ಅಂಬೇಡ್ಕರ್ ನಿವಾಸ್, ಇವು ರಾಜ್ಯದ್ದು, ಫಲಾನುಭವಿಗಳ ಆಯ್ಕೆ ಗ್ರಾಮಸಭೇಲಿ. ಇನ್ನೊಂದು ದೇವರಾಜ ಅರಸು ವಸತಿ ಯೋಜನೆ, ಇದು ವಿಶೇಷ ವರ್ಗದವರಿಗೆ, ಅಂದ್ರೆ ವಿಕಲಚೇತನರು, ವಿಧವೆಯರು, ಅಲೆಮಾರಿಗಳು, ಮಾಜಿ ದೇವದಾಸಿಯರು ಇಂಥೋರಿಗೆ. ಇದರ ಪಟ್ಟಿ ಜಿಲ್ಲಾ ಮಟ್ಟದ ಸಮಿತೀಲಿ ಆಗುತ್ತೆ. ಈ ಕೊನೇದು ಒಂದಿದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ನಮಗೂ ಗೊತ್ತಿರ್ಲಿಲ್ಲ.

ಗ್ರಾಮಸಭೇಲಿ ಶಾಲೆ ಆವರಣದಲ್ಲಿ ಶಾಮಿಯಾನ ಹಾಕಿದ್ರು. ಅವ್ವನ್ನ ಆಟೋದಲ್ಲಿ ಕರ್ಕೊಂಡು ಹೋದೆ. ಬೇಡ ಅಂದ್ರು ಕೆಲವ್ರು, ನೀನೊಬ್ಬ ಬಂದ್ರೆ ಸಾಕು ಅಂತ, ನಾನು ಒಪ್ಲಿಲ್ಲ, ಅವರ ಮನೆ ವಿಷಯ ಅವರೇ ಮಾತಾಡ್ಲಿ. ಪಟ್ಟಿ ಓದ್ತಾ ಹೋದ್ರು, ಅಂಗವಿಕಲರ ಹೆಸರು ಒಂದೂ ಬರ್ಲಿಲ್ಲ. ಕೇಳಿದ್ದಕ್ಕೆ "ಈ ಸಲ ಟಾರ್ಗೆಟ್ ಕಮ್ಮಿ ಬಂದೈತೆ, ಮುಂದಿನ ಸಲ ನೋಡಾಣ" ಅಂದ್ರು. ಆಗ ವಿಆರ್‌ಡಬ್ಲ್ಯೂ ಅಣ್ಣ ಎದ್ದು ಆ 37ನೇ ಕಲಂ ಓದಿದ್ರು, ಒಂದೊಂದೇ ಪದ, ಮೈಕ್ ಕೊಡ್ಲಿಲ್ಲ, ಹಂಗೇ ಗಟ್ಟಿಯಾಗಿ. ಅವ್ವ ಕೂತಲ್ಲಿಂದ್ಲೇ "ಸಾರ್, ನಂಗೆ ಬಂಗ್ಲೆ ಬ್ಯಾಡ, ನಾನೊಬ್ಳೇ ಬಚ್ಚಲಿಗೆ ಹೋಗಂಗಾದ್ರೆ ಸಾಕು" ಅಂದ್ರು. ಹೆಣ್ಣುಮಕ್ಕಳ ಕಡೆ ಕೂತಿದ್ದ ಸಂಘದವ್ರೆಲ್ಲ "ಬರ್ಕಳ್ರಿ ಬರ್ಕಳ್ರಿ" ಅಂತ ಶುರು ಮಾಡಿದ್ರು. ಪಿಡಿಒ ಮೇಡಂ ಹೊಸಬ್ರು, ಅವರು ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರ್ಸಿದ್ರು, ಬಸವ ವಸತಿ ಪಟ್ಟೀಲಿ ಜಾಗ ಇಲ್ಲದಿದ್ರೂ ಅರಸು ಯೋಜನೆಗೆ ಶಿಫಾರಸು ಮಾಡಿ ಕಳಿಸ್ತೀನಿ ಅಂದ್ರು, ಕಳಿಸಿದ್ರು ಕೂಡ. ನಡಾವಳೀಲಿ ಬರೆಸೋದು ಮುಖ್ಯ. ಬಾಯಲ್ಲಿ ಹೇಳಿದ್ದು ಮುಂದಿನ ಸಭೆಗೆ ಯಾರಿಗೂ ನೆನಪಿರಲ್ಲ, ಪುಸ್ತಕದಲ್ಲಿದ್ರೆ ಅದರ ನಕಲು ಕೇಳಬಹುದು.

ಆಮೇಲೆ ಜಾಗದ ಕಾಗದ. ಮನೆ ಅಪ್ಪನ ಹೆಸರಲ್ಲಿತ್ತು, ಅಪ್ಪ ಹೋಗಿ ಎಷ್ಟೋ ವರ್ಷ. ಮರಣ ಪತ್ರ, ವಂಶವೃಕ್ಷ, ಅಕ್ಕಂದಿರ ಒಪ್ಪಿಗೆ ಪತ್ರ, ಖಾತೆ ಬದಲಾವಣೆ, ಗ್ರಾಮಠಾಣಾ ಜಾಗಕ್ಕೆ ಸರ್ವೆಯವರ ನಕ್ಷೆ, ಇಷ್ಟೆಲ್ಲ ಆದ್ಮೇಲೆ ಇ-ಸ್ವತ್ತಿನ ಫಾರಂ 9, 11ಎ, ಅಂದ್ರೆ ಪಂಚಾಯ್ತಿಯ ಆಸ್ತಿ ದಾಖಲೆ, ಅವ್ವನ ಹೆಸರಿಗೆ ಬಂತು. ಅಕ್ಕಂದಿರು ಇಬ್ರೂ ಒಂದು ಮಾತಾಡ್ದೆ ಸೈನ್ ಹಾಕಿದ್ರು, ದೊಡ್ಡಕ್ಕ ಹರಿಹರದಿಂದ ಬಂದು ಹೋದ್ಲು. ಎಲ್ಲಾ ಮನೇಲೂ ಹಂಗಾಗಲ್ಲ ಅಂತ ಗೊತ್ತು, ಅದಕ್ಕೇ ಮನೆ ಮಂಜೂರಾಗೋ ಮುಂಚೇನೇ ಈ ಕೆಲಸ ಮುಗ್ಸಿ ಇಟ್ಕೊಳ್ಳಿ ಅಂತೀನಿ.

ಮಂಜೂರಾಗಿದ್ದು 1.20 ಲಕ್ಷ. ಸಂತೋಷ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಅಸಲಿ ಕೆಲಸ ಇಲ್ಲಿಂದ್ಲೇ ಶುರು. ಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ಹಂತ ಹಂತಕ್ಕೆ ಜಿಪಿಎಸ್ ಫೋಟೋ ಹಿಡಿದು ಕಳಿಸಿದ್ರೆ ದುಡ್ಡು ಖಾತೆಗೆ ಬರುತ್ತೆ. ಪಾಯದ ಫೋಟೋ ಹೋಯ್ತು ಅಂದ್ರೆ ಮನೆ ಎತ್ತರ, ಬಾಗಿಲು ಎಲ್ಲಿ, ಬಚ್ಚಲು ಎಲ್ಲಿ, ಎಲ್ಲಾ ತೀರ್ಮಾನ ಆದಂಗೆ. ರ‍್ಯಾಂಪು ಕೊನೆಗೆ ಸೇರಿಸಿಕೊಂಡ್ರಾಯ್ತು ಅನ್ನೋದು ಆಗಲ್ಲ.

ಮೇಸ್ತ್ರಿ ನಮ್ಮೂರೋರೇ, ಒಳ್ಳೇ ಕೆಲಸಗಾರ. ಅವರ ಪ್ರಕಾರ ರೋಡಿಂದ ಎರಡಡಿ ಎತ್ತರಕ್ಕೆ ಪಾಯ ಎತ್ತಬೇಕು, ಮುಂದೆ ಸಿಸಿ ರೋಡ್ ಮತ್ತೆ ಹಾಕಿದ್ರೆ ಮನೆ ತಗ್ಗಾಗುತ್ತೆ, ಮಳೆ ನೀರು ನುಗ್ಗುತ್ತೆ. ಅದು ಸುಳ್ಳಲ್ಲ. ರ‍್ಯಾಂಪ್ ಅಂದ್ರೆ ಅವರಿಗೆ ಗೊತ್ತಿದ್ದಿದ್ದು ಬೈಕ್ ಹತ್ತಿಸೋ ಇಳಿಜಾರು, ನಾಲ್ಕೈದು ಅಡಿ, ಅದನ್ನ ಮಾಡಿಕೊಡ್ತೀನಿ ಬಿಡ್ರಿ ಅಂದ್ರು. ನಾನು ಅಷ್ಟೊತ್ತಿಗೆ ದಾವಣಗೆರೇಲಿರೋ ಸಿಆರ್‌ಸಿಗೆ, ಅಂದ್ರೆ ಕೇಂದ್ರ ಸರ್ಕಾರದ ವಿಕಲಚೇತನರ ಪುನರ್ವಸತಿ ಕೇಂದ್ರಕ್ಕೆ, ಅವ್ವನ್ನ ಕರ್ಕೊಂಡು ಹೋಗಿ ಬಂದಿದ್ದೆ, ಅಲ್ಲಿ ಥೆರಪಿ ಮೇಡಂ ಒಬ್ರು ಪೇಪರ್ ಮೇಲೆ ಬರೆದು ಕೊಟ್ಟಿದ್ರು. ಒಂದಡಿ ಎತ್ತರ ಹತ್ತಬೇಕಾದ್ರೆ ಹನ್ನೆರಡು ಅಡಿ ಉದ್ದ ರ‍್ಯಾಂಪ್ ಬೇಕು. 1ಕ್ಕೆ 12. ಕಟ್ಟಡಗಳು ಅಂಗವಿಕಲರಿಗೆ ಹೆಂಗಿರಬೇಕು ಅನ್ನೋ ಕೇಂದ್ರದ 2021ರ ಮಾರ್ಗಸೂಚೀಲೂ ಅದೇ ಲೆಕ್ಕ. ಬಾಗಿಲು ತೆರೆದಾಗ 900 ಮಿಲಿಮೀಟರ್, ಅಂದ್ರೆ ಮೂರಡಿ ಖಾಲಿ ಸಿಗಬೇಕು, ವೀಲ್‌ಚೇರ್ ತಿರುಗೋಕೆ ಐದಡಿ ಜಾಗ ಬೇಕು. ಎರಡಡಿ ಪಾಯ ಹಾಕಿದ್ರೆ 24 ಅಡಿ ರ‍್ಯಾಂಪು, ನಮ್ಮ ಸೈಟಿನ ಮುಂಭಾಗನೇ ಇಪ್ಪತ್ತು ಅಡಿ.

ಬರೀ ಮಾತಲ್ಲಿ ಮೇಸ್ತ್ರಿಗೆ ಒಪ್ಸೋಕೆ ಆಗ್ಲಿಲ್ಲ. ಒಂದು ಭಾನುವಾರ ಅವರನ್ನ ಕರ್ಕೊಂಡು ಹೋಗಿ, ಊರಲ್ಲಿರೋ ಒಂದು ಸರ್ಕಾರಿ ಕಟ್ಟಡದ ರ‍್ಯಾಂಪಲ್ಲಿ ಅವ್ವನ್ನ ಕೂರ್ಸಿ ನೀವೇ ತಳ್ಳಿ ಅಂದೆ. ಅದೂ ಕಡಿದಾದ ರ‍್ಯಾಂಪೇ, ಹೆಸರಿಗೆ ಕಟ್ಟಿದ್ದು. ಅರ್ಧಕ್ಕೆ ಹೋಗೋಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರ್ತು, ಇಬ್ರು ಹಿಡ್ಕೊಂಡ್ವಿ. ಅವ್ವ ಕೈ ಗಟ್ಟಿಯಾಗಿ ಹಿಡ್ಕೊಂಡು ಕಣ್ಣು ಮುಚ್ಚಿದ್ರು. ಮೇಸ್ತ್ರಿ ಬೆವರು ಒರೆಸ್ಕೊಂಡು "ಅಕ್ಕಾ, ನಂಗೆ ಗೊತ್ತಿರ್ಲಿಲ್ಲ, ಹನ್ನೆರಡೇ ಮಾಡಾಣ" ಅಂದ್ರು. ಆಮೇಲೆ ಪೂರ್ತಿ ಮನೇನೇ ಅವರೇ ತಲೆ ಕೆಡಿಸ್ಕೊಂಡು ಯೋಚನೆ ಮಾಡಿದ್ರು. ಪಾಯ ರೋಡಿಂದ ಒಂದಡಿಗೆ ನಿಲ್ಸಿದ್ವಿ, ನೀರಿನ ಭಯಕ್ಕೆ ಮನೆ ಸುತ್ತ ಸಣ್ಣ ಚರಂಡಿ ಬಿಟ್ವಿ. ರ‍್ಯಾಂಪ್ ಎದುರಿಗೆ ಬೇಡ, ರೋಡಿಗೆ ಹೋಗುತ್ತೆ, ನಾಳೆ ಚರಂಡಿ ಕೆಲಸಕ್ಕೆ ಜೆಸಿಬಿ ಬಂದ್ರೆ ಮೊದಲು ಒಡೆಯೋದು ಅದನ್ನೇ, ಗೋಡೆ ಪಕ್ಕದಲ್ಲೇ ಉದ್ದಕ್ಕೆ ತಗೊಂಡು ಬಂದು ಬಾಗಿಲ ಮುಂದೆ ಐದಡಿ ಸಪಾಟು ಜಾಗ ಬಿಡಾಣ ಅಂತ ಅವರೇ ಹೇಳಿದ್ದು. ನಮ್ಮದು ಎರೆ ಭೂಮಿ, ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೇಲಿ ಬಿರಿಯುತ್ತೆ, ಸುಮ್ನೆ ಮಣ್ಣು ತುಂಬಿ ಕಾಂಕ್ರೀಟ್ ಹಾಕಿದ್ರೆ ಒಂದೇ ವರ್ಷಕ್ಕೆ ರ‍್ಯಾಂಪು ಮನೆಯಿಂದ ಬಿಟ್ಕೊಳ್ಳುತ್ತೆ. ಎರೆ ಮಣ್ಣು ತೆಗ್ಸಿ ಗರಸು ತುಂಬಿ, ನೀರು ಹಾಕಿ ಕುಟ್ಟಿ, ಅದರ ಮೇಲೆ ಹಾಕಿದ್ವಿ. ಮೇಲ್ಮೈ ನುಣ್ಣಗೆ ಬೇಡ, ಪೊರಕೆಯಿಂದ ಗೀರು ಎಳೀರಿ, ಮಳೇಲಿ ಜಾರಲ್ಲ.

ಹೊಸ್ತಿಲಿನದು ಬೇರೆ ದೊಡ್ಡ ವಿಷಯ. ಹೊಸ್ತಿಲು ಇಲ್ದಿರೋ ಮನೇನ ಅವ್ವ ಮನೆ ಅಂತಾನೇ ಒಪ್ಪಲ್ಲ. ಬೆಳಿಗ್ಗೆ ಎದ್ದು ಹೊಸ್ತಿಲು ತೊಳೆದು ಅರಿಶಿಣ ಕುಂಕುಮ ಹಚ್ಚಿ ರಂಗೋಲಿ ಎಳೆಯೋದು ಅವರು ಮದುವೆಯಾಗಿ ಬಂದಾಗಿಂದ ಮಾಡ್ಕೊಂಡು ಬಂದ ಕೆಲಸ. ಎತ್ತರದ ಹೊಸ್ತಿಲು ಇದ್ರೆ ಕುರ್ಚಿ ದಾಟಲ್ಲ. ನಾನು ಹೊಸ್ತಿಲೇ ಬೇಡ ಅಂದೆ, ಅವ್ವ ಒಂದು ದಿನ ನನ್ನ ಹತ್ರ ಮಾತಾಡ್ಲಿಲ್ಲ. ಬಡಗಿ ಒಂದು ದಾರಿ ತೋರ್ಸಿದ್ರು. ಬೇವಿನ ಮರದ ಹೊಸ್ತಿಲೇ ಮಾಡಿದ್ರು, ಆದ್ರೆ ನೆಲದೊಳಗೆ ಇಳಿಸಿ ಟೈಲ್ಸ್‌ಗೆ ಸಮ ಮಾಡಿದ್ರು. ಒಂದು ಬೆರಳಷ್ಟೂ ಎದ್ದಿಲ್ಲ. ಹೊಸ್ತಿಲ ಪೂಜೆ ಮಾಡಿ ಕೂರ್ಸಿದ್ದು, ಅವ್ವನೇ ಕಾಯಿ ಒಡೆದ್ರು. ಮಳೆ ನೀರು ಬರ್ದಿರ್ಲಿ ಅಂತ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹಾಕಿದೀವಿ, ನಮ್ಮ ಅಂಗಡೀಲೇ ಸಿಗುತ್ತೆ.

ಬಚ್ಚಲು ಶೌಚಾಲಯ ಮನೆ ಒಳಗೆ ಬೇಡ ಅಂತ ಕೂಡ ಅವ್ವಂದು ಹಠ. ಹಿರಿಯರಿಗೆ ಇದು ಮನಸ್ಸಿಗೆ ಕಷ್ಟ, ಬಯ್ದು ಒಪ್ಪಿಸೋ ವಿಷಯ ಅಲ್ಲ. ಹಿಂದಿನ ಗೋಡೆಗೆ ಅಂಟಿಸ್ಕೊಂಡು, ಅವ್ವ ಮಲಗೋ ಕೋಣೆಯಿಂದ ನಾಲ್ಕಡಿ ಮುಚ್ಚಿದ ಪಡಸಾಲೆ ದಾಟಿದ್ರೆ ಸಿಗೋ ಹಂಗೆ ಕಟ್ಟಿದ್ವಿ. ನೆಲ ಒಂದೇ ಮಟ್ಟ, ಮೆಟ್ಟಿಲಿಲ್ಲ. ಬಾಗಿಲು ಹೊರಗಡೆ ತೆರೆಯೋದು, ಯಾಕಂದ್ರೆ ಒಳಗೆ ಬಿದ್ರೆ ಒಳಕ್ಕೆ ತೆರೆಯೋ ಬಾಗಿಲು ಅವರಿಗೇ ಅಡ್ಡ ಆಗುತ್ತೆ, ಹೊರಗಿನೋರು ತೆಗೆಯೋಕಾಗಲ್ಲ. ಕಮೋಡ್ ಹದಿನೆಂಟು ಇಂಚು ಎತ್ತರ, ಹೆಚ್ಚೂಕಮ್ಮಿ ವೀಲ್‌ಚೇರಿನ ಸೀಟಿನ ಮಟ್ಟ. ಹಿಡಿಕೆಗೆ ಸ್ಟೀಲಿನ ರೆಡಿಮೇಡ್ ಬಾರ್ ದುಬಾರಿ, ಜಿಐ ಪೈಪು ಬಗ್ಗಿಸಿ ವೆಲ್ಡಿಂಗ್ ಶಾಪಲ್ಲಿ ಮಾಡ್ಸಿದೆ, ಗೋಡೆ ಕಟ್ಟೋವಾಗ್ಲೇ ಅಲ್ಲಿ ಕಾಂಕ್ರೀಟ್ ತುಂಬಿಸಿ ಬೋಲ್ಟ್ ಕೂರ್ಸಿದ್ವಿ. ಬರೀ ಪ್ಲಾಸ್ಟರ್‌ಗೆ ಸ್ಕ್ರೂ ಹೊಡೆದ ಹಿಡಿಕೆ ಮೈಭಾರ ತಡೆಯಲ್ಲ, ಕಿತ್ಕೊಂಡು ಬರುತ್ತೆ, ಅದು ಇಲ್ಲದಿದ್ರೇನೇ ವಾಸಿ. ಸ್ವಚ್ಛ ಭಾರತದಲ್ಲಿ ಶೌಚಾಲಯಕ್ಕೆ 12 ಸಾವಿರ ಸಿಕ್ತು. ವಿಕಲಚೇತನರಿಗೆ ಮನೆ ಶೌಚಾಲಯ ಹೆಂಗಿರಬೇಕು ಅಂತ ಕೇಂದ್ರದ ಸಚಿವಾಲಯ 2015ರಲ್ಲೇ ಚಿತ್ರ ಸಮೇತ ಕೈಪಿಡಿ ಮಾಡಿದೆ. ಅದನ್ನ ನಮ್ಮ ಕಡೆ ಮೇಸ್ತ್ರಿಗಳ ಕೈಗೆ ಯಾರೂ ಕೊಟ್ಟಿಲ್ಲ, ನಂಗೆ ಇದು ಬಹಳ ಬೇಜಾರಿನ ವಿಷಯ.

ಅಡಿಗೆಮನೇಲಿ ಕಟ್ಟೆಯ ಒಂದು ಭಾಗ ಎರಡೂವರೆ ಅಡಿಗೆ ಇಳಿಸಿ, ಕೆಳಗೆ ಖಾಲಿ ಬಿಡಿಸಿದ್ವಿ, ಮೊಣಕಾಲು ಹೋಗೋಕೆ. ಅವ್ವ ಅಲ್ಲೇ ಕುರ್ಚೀಲಿ ಕೂತು ರೊಟ್ಟಿ ತಟ್ತಾರೆ. ಸ್ವಿಚ್ಚು ಎಲ್ಲಾ ಕೈಗೆಟುಕೋ ಎತ್ತರಕ್ಕೆ. ಇವಕ್ಕೆ ಖರ್ಚೇನೂ ಜಾಸ್ತಿ ಇಲ್ಲ, ಮುಂಚೆ ಹೇಳಬೇಕು ಅಷ್ಟೇ.

ದುಡ್ಡಿನ ಲೆಕ್ಕ. ಎಲ್ಲಾ ಸೇರಿ ನಾಲ್ಕೂವರೆ ಲಕ್ಷ ದಾಟ್ತು. ಸರ್ಕಾರದ್ದು 1.20, ಶೌಚಾಲಯದ್ದು 12 ಸಾವಿರ, ನರೇಗಾದಲ್ಲಿ ಮನೆ ಕೆಲಸಕ್ಕೆ 90 ದಿನದ ಕೂಲಿ ಜಾಬ್ ಕಾರ್ಡಿಗೆ ಬಂತು, ಕಾರ್ಡಲ್ಲಿ ನನ್ನ ಹೆಂಡ್ತಿ ಹೆಸರಿತ್ತು, ಅವಳೇ ಕೆಲಸ ಮಾಡಿದ್ದು. ಉಳಿದಿದ್ದು ಮೆಕ್ಕೆಜೋಳದ ದುಡ್ಡು, ಸಂಘದ ಸಾಲ, ದೊಡ್ಡಕ್ಕ ಕೊಟ್ಟಿದ್ದು. ರ‍್ಯಾಂಪು, ದೊಡ್ಡ ಬಾಗಿಲು, ಬಚ್ಚಲ ಹೆಚ್ಚಿನ ಜಾಗ, ಹಿಡಿಕೆ ಇಷ್ಟಕ್ಕೇ ಸುಮಾರು 55 ಸಾವಿರ ಆಗಿದೆ, ಚೀಟಿ ಎಲ್ಲಾ ಇಟ್ಟಿದೀನಿ. ಛಾವಣಿ ಕಂತು ತಡ ಆಗಿ ಮೋಲ್ಡಿಂಗ್‌ಗೆ ಸಾಲ ಮಾಡಬೇಕಾಯ್ತು, ಕಬ್ಬಿಣ ಸಿಮೆಂಟು ಉದ್ರಿ ಕೊಟ್ಟಿದ್ದು ನಮ್ಮ ಮಾಲೀಕ್ರು, ಅವರಿಗೆ ಋಣಿ. ಅಂಗಡಿ ಪರಿಚಯ ಇಲ್ಲದೋರು ಈ ಹಂತದಲ್ಲೇ ಮನೆ ಅರ್ಧಕ್ಕೆ ನಿಲ್ಲಿಸೋದು.

ನಮ್ಮ ಚಿಕ್ಕಪ್ಪನ ಮಗಳು ಇಂಗ್ಲೆಂಡಲ್ಲಿ ನರ್ಸು. ಅಲ್ಲಿ ಇದಕ್ಕೇ ಅಂತ ಬೇರೆ ಅನುದಾನ ಇದೆಯಂತೆ, ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಅಂತ, ಇರೋ ಮನೆಗೆ ರ‍್ಯಾಂಪು, ಅಗಲ ಬಾಗಿಲು, ಕೆಳಗಿನ ಮಹಡೀಲಿ ಬಚ್ಚಲು ಮಾಡ್ಸೋಕೆ ಅಲ್ಲಿನ ಕೌನ್ಸಿಲ್ 30 ಸಾವಿರ ಪೌಂಡ್ ತನಕ ಕೊಡುತ್ತೆ, ಆದಾಯ ನೋಡ್ತಾರೆ, ಥೆರಪಿಸ್ಟ್ ಮನೆಗೇ ಬಂದು ಏನೇನು ಬೇಕು ಅಂತ ಬರ್ಕೊಂಡು ಹೋಗ್ತಾರೆ. ಅಲ್ಲೂ ಕಾಯೋದು ಇದೆ ಅಂದ್ಲು. ಅಷ್ಟು ದುಡ್ಡು ನಮ್ಮಲ್ಲಿ ಕೇಳ್ತಿಲ್ಲ ನಾನು. ಮಂಜೂರಾದ ಮನೆ ಅಂಗವಿಕಲರದ್ದು ಅಂತ ಕಂಪ್ಯೂಟರಿಗೆ ಗೊತ್ತೇ ಇದೆ, ಅಂಥ ಮನೆಗೆ ಒಂದು 50 ಸಾವಿರ ಹೆಚ್ಚು ಇಟ್ಟು, ಪಾಯಕ್ಕೆ ಮುಂಚೆ ಒಬ್ಬ ಇಂಜಿನಿಯರ್ ಒಂದು ಸಲ ಬಂದು ಅಳತೆ ಹೇಳಿ ಹೋದ್ರೆ ಸಾಕು. ಇಂಜಿನಿಯರ್ ಫೋಟೋ ಹಿಡಿಯೋಕೆ ಹೆಂಗೂ ಬರ್ತಾರೆ, ಮೊದಲೇ ಬರಲಿ.

ಗ್ರಾಮ ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ ಶೇ 5 ಅಂಗವಿಕಲರಿಗೆ ಖರ್ಚು ಮಾಡಬೇಕು ಅಂತಲೂ ಇದೆ, ಪೇಟೇಲಿ ಪಾಲಿಕೆ, ಪುರಸಭೆಯವರಿಗೂ ಇದೇ ಶೇ 5. ಬಹಳ ಕಡೆ ಅದು ವರ್ಷದ ಕೊನೇಲಿ ಯಾವುದೋ ಸಾಮಾನು ಹಂಚಿ ಮುಗಿಯುತ್ತೆ. ನಾವು ರ‍್ಯಾಂಪಿನ ಪಕ್ಕ ಕೈಯಲ್ಲಿ ಹಿಡ್ಕೊಳ್ಳೋ ಕಂಬಿಗೆ ಇದರಲ್ಲಿ ಕೊಡಿ ಅಂತ ಅರ್ಜಿ ಹಾಕಿದ್ವಿ, ವೆಲ್ಡಿಂಗ್ ಶಾಪಿನ ಕೊಟೇಶನ್, ಯುಡಿಐಡಿ ಜೆರಾಕ್ಸ್, ಫೋಟೋ ಇಟ್ಟು, ಸ್ವೀಕೃತಿ ಸೀಲು ಹಾಕಿಸ್ಕೊಂಡು. ಈ ವರ್ಷದ ಕ್ರಿಯಾಯೋಜನೇಲಿ ಸೇರಿದೆ, ಬಿಲ್ ಇನ್ನೂ ಆಗಿಲ್ಲ. ಸದ್ಯಕ್ಕೆ ಒಂದು ಕಡೆಗೆ ಮರದ ಗಳ ಕಟ್ಟಿದೀವಿ. ಅರ್ಜಿ ಹಾಕಿದ್ದನ್ನ ನೋಡಿ ಕೆಳಗಿನ ಓಣಿ ಒಬ್ರು, ಗಂಡಂಗೆ ಪಾರ್ಶ್ವವಾಯು, ಬಂದು ಕೇಳಿದ್ರು, ಅವರದ್ದು ಮನೆ ಮಂಜೂರಾಗಿದೆ, ಮುಂದಿನ ವಾರ ಪಾಯದ ಪೂಜೆ. ಮೇಸ್ತ್ರಿನ ಕರ್ಕೊಂಡು ಟೇಪು ಹಿಡ್ಕೊಂಡು ಭಾನುವಾರ ಅವರ ಸೈಟಿಗೆ ಹೋಗ್ತಿದೀನಿ. ಅವರದ್ದು ಮೂಲೆ ಸೈಟು, ರ‍್ಯಾಂಪಿಗೆ ಜಾಗ ನಮಗಿಂತ ಚೆನ್ನಾಗಿದೆ.